ಡಗೌಟ್ ಬದ್ಲಿ ಶಾಮಿಯಾನಾ: ಡೆಡ್ ಬಾಲ್ ಗೆರಿ ಎಲ್ಲಿ ಎಳೀಬೇಕು?

[ದೃಶ್ಯ: ಮೈದಾನದ ಅಂಚಿಗೆ ಶಾಮಿಯಾನಾ, ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು]

ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡದ ಕಾಲೇಜ್ ಮೈದಾನದಾಗ ಬೇಸ್‌ಬಾಲ್ ಮ್ಯಾಚ್ ಇಟ್ರ ಪಕ್ಕಾ ಡಗೌಟ್, ಅಂದ್ರ ಆಟಗಾರರು ಕೂಡೋ ಕಟ್ಟಿದ ಜಾಗ, ಎಲ್ಲಿಂದ ಬರಬೇಕ್ರಿ? ನಾಕು ಕಂಬ, ಮ್ಯಾಲೊಂದು ಶಾಮಿಯಾನಾ, ಮುಗೀತು. ಅಂಪೈರಿಗೆ ತ್ರಾಸ ಕೊಡೋದು ಕಂಬ ಅಲ್ಲ, ಹಗ್ಗ. ಅದರ ಗೂಟ ಕಂಬಕ್ಕಿಂತ ನಾಕೈದು ಅಡಿ ಮುಂದ, ಮೈದಾನದೊಳಗ ಇರತೈತಿ. ಚೆಂಡು ಹಗ್ಗಕ್ಕ ಬಡದ್ರ ಏನಂತೀರಿ?

ಮ್ಯಾಚ್ ನಡುವ ಯೋಚನೆ ಮಾಡೋ ಮಾತಲ್ಲ ಇದು. ಹೋಮ್ ಪ್ಲೇಟ್ ಹತ್ರ ಲೈನ್‌ಅಪ್ ಕಾರ್ಡ್ (ಆಟಗಾರರ ಪಟ್ಟಿ) ತಗೊಳ್ಳೂ ಮೊದಲ ಎರಡೂ ತಂಡದ ಮ್ಯಾನೇಜರ್‌ನ ಕರ್ಕೊಂಡು ಶಾಮಿಯಾನಾ ಕಡೆ ಹೋಗ್ರಿ. ಗೂಟದ ಮುಂದ ಒಂದು ಗೇಣು ಬಿಟ್ಟು ಸುಣ್ಣದ ಪುಡಿ ಗೆರಿ ಎಳಸ್ರಿ. ಗೆರಿಯ ಎರಡೂ ತುದಿ ಹಿಂದಿನ ಬೇಲಿಗೆ ಹೋಗಿ ಮುಟ್ಟಬೇಕು. ಇಲ್ಲಾಂದ್ರ ಚೆಂಡು ಬಾಜೂದಿಂದ ನುಗ್ಗಿ ಜಗಳಾ ಹಚ್ಚತೈತಿ. ಗೆರಿ ಮ್ಯಾಲಿದ್ರ ಆಟ ನಡೀತೈತಿ, ದಾಟಿದ್ರ ಡೆಡ್, ಅಂದ್ರ ಆಟ ಅಲ್ಲಿಗೇ ನಿಂತಂಗ. ಮೈದಾನದ ವಿಶೇಷ ನಿಯಮ ಮುಂದಿಡೋದು ಆತಿಥೇಯ ತಂಡದ ಮ್ಯಾನೇಜರ್. ಎದುರಿನವರು ಒಪ್ಪದಿದ್ರ ಪ್ಲೇಟ್ ಅಂಪೈರ್ ಮಾಡಿದ್ದೇ ನಿಯಮ, ಅಧಿಕೃತ ನಿಯಮಕ್ಕ ವಿರುದ್ಧ ಮಾತ್ರ ಹೋಗಬಾರದು.

ಬ್ಯಾಟು, ಹೆಲ್ಮೆಟ್ಟು, ಗ್ಲೌಸು ಎಲ್ಲಾ ಗೆರಿ ಹಿಂದ, ಶಾಮಿಯಾನಾ ಕಡೆ ಇರಬೇಕು. ಹೊಡೆದ ಚೆಂಡು ಫೌಲ್ ಭಾಗದಾಗ (ಮೊದಲ, ಮೂರನೇ ಬೇಸಿನ ಗೆರಿಗಳ ಹೊರಗ) ಬಿದ್ದ ಬ್ಯಾಟಿಗೆ ತಾಗ್ತೋ, ಅಲ್ಲೇ ಫೌಲ್. ಆಮ್ಯಾಲೆ ಉರುಳಿ ಫೇರ್ ಕಡೆ, ಅಂದ್ರ ಆ ಗೆರಿಗಳ ಒಳಗ, ಬಂದ್ರೂ ಫೌಲೇ. ಫೀಲ್ಡರ್ ಎಸೆದ ಚೆಂಡು ತಾಗಿದ್ರ ಆಟ ನಿಲ್ಲಂಗಿಲ್ಲ, ಬೇಕಂತನ ಅಡ್ಡ ಇಟ್ಟಿದ್ರ ಮಾತು ಬ್ಯಾರೆ.

[ದೃಶ್ಯ: ಬೋರ್ಡ್ ಮ್ಯಾಲೆ ಡೈಮಂಡ್ ಚಿತ್ರ]

ಫೀಲ್ಡರ್ ಎಸೆತ ಸುಣ್ಣದ ಗೆರಿ ದಾಟಿದ್ರ ರನ್ನರ್‌ಗಳಿಗೆ ಎರಡು ಬೇಸ್. ಕುರ್ಚಿಗೆ ಬಡದು ಪುಟದು ವಾಪಸ್ ಬಂದ್ರೂ ಎರಡೇ. ‘ಒಂದು ಪ್ಲಸ್ ಒಂದು’ (ಹೊಂಟಿದ್ದ ಬೇಸು, ಅದರ ಮ್ಯಾಲೊಂದು) ಅಂತ ಕೂಗೋರು ಇರ್ತಾರ, ಅಂಥಾ ನಿಯಮನ ಇಲ್ಲ. ತಪ್ಪೋದು ಎಣಿಕ್ಯಾಗ. ಇನ್‌ಫೀಲ್ಡರ್‌ನ (ಬೇಸ್‌ಗಳ ಹತ್ರ ನಿಲ್ಲೋ ಫೀಲ್ಡರ್) ಮೊದಲ ಆಟದ ಎಸೆತ ಆದ್ರ, ಪಿಚರ್ ಬ್ಯಾಟರ್‌ಗೆ ಚೆಂಡು ಎಸೆಯೋ ಹೊತ್ತಿಗೆ ರನ್ನರ್ ಎಲ್ಲಿದ್ದ ಅಲ್ಲಿಂದ ಎಣಿಸ್ರಿ. ಮೊದಲ ಬೇಸಿನ್ಯಾಗ ರನ್ನರ್, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವ ನಿಲ್ಲೋನು) ಎಸೆದಿದ್ದು ನೇರ ಶಾಮಿಯಾನಾ ಒಳಗ: ರನ್ನರ್‌ಗೆ ಮೂರನೇ ಬೇಸ್, ಬ್ಯಾಟರ್‌ಗೆ ಎರಡನೇದು. ಔಟ್‌ಫೀಲ್ಡರ್ ಎಸೆದಿದ್ರ ಚೆಂಡು ಕೈ ಬಿಟ್ಟ ಕ್ಷಣಕ್ಕ ರನ್ನರ್ ಎಲ್ಲಿದ್ದ ಅಲ್ಲಿಂದ. ಗೆರಿ ದಾಟಿದ ಕ್ಷಣಕ್ಕ ಇದ್ದಲ್ಲಿಂದ ಅಲ್ಲ. ಪಿಚರ್ ರಬ್ಬರ್ (ಅವನು ಕಾಲಿಡೋ ಪಟ್ಟಿ) ಮ್ಯಾಲಿದ್ದು ಎಸೆದಿದ್ರ ಒಂದೇ ಬೇಸ್. ಹಿಂದಕ್ಕ ಇಳಿದು ಎಸೆದಿದ್ರ ಅವನೂ ಫೀಲ್ಡರ್, ಎರಡು.

ಕ್ಯಾಚ್ ಹಿಡಿಯೋನು ಗೆರಿ ದಾಟಿ ಕೈ ಚಾಚಬಹುದು, ಕಾಲು ಗೆರಿ ಆಚೆ ಊರಿ ಹಿಡಿಯಂಗಿಲ್ಲ. ಹಿಡಿದ ಮ್ಯಾಲೆ ಕುರ್ಚಿ ಮ್ಯಾಲೆ ಬಿದ್ರ ಬ್ಯಾಟರ್ ಔಟು, ಉಳಿದ ರನ್ನರ್‌ಗಳಿಗೆ ಒಂದೊಂದು ಬೇಸ್.

ಒಬ್ಬರೇ ಅಂಪೈರ್ ಇದ್ರ, ಚೆಂಡು ಕೈ ಬಿಟ್ಟ ಕೂಡಲೇ ರನ್ನರ್ ಕಡೆ ಒಂದು ಕಣ್ಣು ಹಾಯಿಸಿ, ಆಮ್ಯಾಲೆ ಗೆರಿ ನೋಡ್ರಿ. ದಾಟಿತೋ, ಎರಡೂ ಕೈ ಎತ್ತಿ ‘ಟೈಮ್’ ಅನ್ರಿ, ಬೊಟ್ಟು ಮಾಡಿ ಬೇಸ್ ತೋರಿಸ್ರಿ. ಇನ್ನಿಂಗ್ಸ್ ನಡುವ ಗೆರಿ ಮ್ಯಾಲೆ ಮತ್ತ ಪುಡಿ ಹಾಕಸ್ರಿ. ಧಾರವಾಡದ ಜಿಟಿಜಿಟಿ ಮಳ್ಯಾಗ ಅದು ಹತ್ತು ನಿಮಿಷ ನಿಲ್ಲೋದೂ ದೊಡ್ಡದು.