ಒಂದು ಹಾಡು, ಹಲವು ಒಡೆಯರು: ಆನ್‌ಲೈನ್ ವಿಡಿಯೊಗಳಲ್ಲಿ ಸಂಗೀತ ಬಳಸಲು ಅನುಮತಿ

ಮಾನ್ಯ ಅಧ್ಯಕ್ಷರೆ, ಕಿರುಚಿತ್ರ ಮತ್ತು ಸಾಕ್ಷ್ಯಚಿತ್ರಗಳ ಕೆಲಸದಲ್ಲಿ ತೊಡಗಿರುವ ಮಿತ್ರರೆ,

ಯೂಟ್ಯೂಬಿಗೆ ಹಾಕುವ ವಿಡಿಯೊದಲ್ಲಿ ಬೇರೆಯವರ ಹಾಡನ್ನು ಬಳಸಲು ಯಾರ ಅನುಮತಿ ಬೇಕು ಎಂದು ಕೇಳಿದರೆ, ‘ಆಡಿಯೊ ಕಂಪನಿಯದು’ ಎಂಬ ಉತ್ತರ ನಮ್ಮಲ್ಲಿ ರೂಢಿಯಾಗಿದೆ. ಚಲನಚಿತ್ರ ಗೀತೆಗಳ ವಿಷಯದಲ್ಲಿ ಈ ಉತ್ತರ ಬಹುಮಟ್ಟಿಗೆ ಸರಿಹೋಗುತ್ತದೆ, ಏಕೆಂದರೆ ಅಲ್ಲಿ ಹಕ್ಕುಗಳೆಲ್ಲ ಕರಾರುಗಳ ಮೂಲಕ ಸಾಮಾನ್ಯವಾಗಿ ಒಂದೇ ಕೈಗೆ ಬಂದು ಸೇರಿರುತ್ತವೆ. ಕನ್ನಡದ ಭಾವಗೀತೆಯ ಮಟ್ಟಿಗೆ ಮಾತ್ರ ಅದನ್ನೇ ನೆಚ್ಚಿಕೊಂಡು ಹೊರಡುವುದು ಕ್ಷೇಮವಲ್ಲ. ಆದ್ದರಿಂದ ಭಾವಗೀತೆಯನ್ನೇ ಮುಂದಿಟ್ಟುಕೊಂಡು ಮಾತನಾಡುತ್ತೇನೆ.

1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿಗೆ ಹಾಡೆಂಬುದು ಒಂದು ವಸ್ತುವಲ್ಲ. ಕವಿತೆ ಒಂದು ಸಾಹಿತ್ಯ ಕೃತಿ. ಸಂಗೀತ ಕೃತಿಯ ವ್ಯಾಖ್ಯೆಯಿಂದ ಪದಗಳನ್ನು ಹೊರಗಿಟ್ಟಿರುವುದರಿಂದ ರಾಗಸಂಯೋಜನೆ ಪ್ರತ್ಯೇಕ ಕೃತಿ. ಇವೆರಡನ್ನೂ ಸ್ಟುಡಿಯೊದಲ್ಲಿ ಹಾಡಿ ನುಡಿಸಿ ಮುದ್ರಿಸಿಕೊಂಡದ್ದು ಮೂರನೆಯದು. ಇದರ ಜೊತೆಗೆ ಗಾಯಕರಿಗೂ ವಾದ್ಯಗಾರರಿಗೂ ಪ್ರದರ್ಶಕರ ಹಕ್ಕೆಂಬುದು ಬೇರೆಯೇ ಇದೆ. ಬೇಂದ್ರೆಯವರ ಕವಿತೆಯೊಂದಕ್ಕೆ ಸಿ. ಅಶ್ವಥ್ ಅವರು ರಾಗ ಹಾಕಿ, ಅದು 1985ರಲ್ಲಿ ಕ್ಯಾಸೆಟ್ಟಾಗಿ ಹೊರಬಂದಿತ್ತೆಂದು ಇಟ್ಟುಕೊಳ್ಳೋಣ. ಕರ್ತೃ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಎಂಬ ಲೆಕ್ಕದಲ್ಲಿ, 1981ರಲ್ಲಿ ನಿಧನರಾದ ಬೇಂದ್ರೆಯವರ ಕವಿತೆಯ ಹಕ್ಕು 2041ರ ಕೊನೆಯವರೆಗೆ ಇರುತ್ತದೆ; 2009ರಲ್ಲಿ ನಿಧನರಾದ ಅಶ್ವಥ್ ಅವರ ಸಂಯೋಜನೆಯ ಹಕ್ಕು 2069ರ ಕೊನೆಯವರೆಗೆ; ಧ್ವನಿಮುದ್ರಣಕ್ಕೆ ಪ್ರಕಟವಾದ ವರ್ಷದಿಂದ ಎಣಿಕೆಯಾಗುವುದರಿಂದ ಅದರದು 2045ರ ಕೊನೆಗೆ ಮುಗಿಯುತ್ತದೆ. ಮೂರು ಹಕ್ಕು, ಮೂರು ಗಡುವು, ಮತ್ತು ಬಹುಶಃ ಮೂರು ಬೇರೆ ಬೇರೆ ಮನೆಗಳ ಬಾಗಿಲು.

ದಾಸರ ಪದಗಳಿಗೆ ಇಂಥ ತೊಡಕಿಲ್ಲವೆಂದು ಅನೇಕರು ಭಾವಿಸುತ್ತಾರೆ. ಪುರಂದರದಾಸರ ಸಾಹಿತ್ಯಕ್ಕೆ ಇಂದು ಯಾರೂ ಒಡೆಯರಲ್ಲ ಎಂಬುದು ನಿಜ. ಆದರೆ ಅದಕ್ಕೆ ನಮ್ಮ ಕಾಲದ ಸಂಗೀತಗಾರರೊಬ್ಬರು ಹೊಸದಾಗಿ ರಾಗ ಹಾಕಿದ್ದರೆ ಆ ರಾಗಸಂಯೋಜನೆ ಅವರದು, ಕಂಪನಿಯೊಂದು ಅದನ್ನು ಮುದ್ರಿಸಿದ್ದರೆ ಆ ಮುದ್ರಣ ಕಂಪನಿಯದು.

ಇನ್ನು ವಿಡಿಯೊದ ಕಡೆಗೆ ಬರೋಣ. ಕಾಯ್ದೆಯಲ್ಲಿ ಚಲನಚಿತ್ರವೆಂದರೆ ದೃಶ್ಯದ ಯಾವುದೇ ಮುದ್ರಣ. ಹಾಗಾಗಿ ನೀವು ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ರೀಲ್ಸ್ ಕೂಡ ಕಾನೂನಿನ ಮಟ್ಟಿಗೆ ಸಿನಿಮಾವೇ. (ನಿಮ್ಮಲ್ಲಿ ಕೆಲವರಿಗೆ ಇದು ಸಂತೋಷದ ಸುದ್ದಿಯಾಗಬಹುದು.) ಕವಿತೆಯನ್ನಾಗಲಿ ರಾಗವನ್ನಾಗಲಿ ಸೇರಿಸಿಕೊಂಡು ಚಲನಚಿತ್ರ ಮಾಡುವ ಹಕ್ಕು ಆಯಾ ಕೃತಿಯ ಒಡೆಯರದು, ಈ ಉದ್ಯಮದವರು ‘ಸಿಂಕ್ ಲೈಸೆನ್ಸ್’ ಎನ್ನುವುದು ಇದಕ್ಕೆ ಪಡೆಯುವ ಅನುಮತಿಗೇ. ‘ನಾವೇ ಹೊಸದಾಗಿ ಹಾಡಿಸಿದ್ದೇವೆ, ಕವರ್ ಮಾಡಿದ್ದೇವೆ’ ಎಂದರೆ ಕಂಪನಿಯ ಧ್ವನಿಮುದ್ರಣದ ಪ್ರಶ್ನೆಯೊಂದು ತಪ್ಪುತ್ತದೆ, ಕವಿಯದೂ ಸಂಯೋಜಕರದೂ ಹಾಗೆಯೇ ಉಳಿಯುತ್ತದೆ. ಕವರ್ ಹಾಡುಗಳಿಗೆ ಕಾಯ್ದೆಯ 31ಸಿ ಕಲಮಿನಲ್ಲಿ ಶಾಸನಬದ್ಧ ಪರವಾನಗಿಯ ಒಂದು ದಾರಿ ಇದೆಯಾದರೂ, ಅದು ಕೇವಲ ಧ್ವನಿಮುದ್ರಣಕ್ಕೆ, ಅದೂ ಮೂಲ ಮುದ್ರಣವಾಗಿ ಐದು ವರ್ಷ ಕಳೆದ ಮೇಲೆ, ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟುವ ಷರತ್ತಿನೊಡನೆ. ವಿಡಿಯೊ ಮಾಡುವವರಿಗೆ ಅದರಿಂದ ಉಪಯೋಗವಿಲ್ಲ.

ಅನುಮತಿ ಪತ್ರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಅನುಮತಿ ಕೇಳಿದವರೂ ಎಡವುವುದು ಇಲ್ಲಿಯೇ. ಕವಿಯ ಮಗ ಫೋನಿನಲ್ಲಿ ‘ಧಾರಾಳವಾಗಿ ಬಳಸಿಕೊಳ್ಳಿ’ ಎಂದರೆ ಅದು ಸೌಜನ್ಯವೇ ಹೊರತು ಪರವಾನಗಿಯಲ್ಲ. ಕಾಯ್ದೆಯ ಪ್ರಕಾರ ಪರವಾನಗಿ ಲಿಖಿತವಾಗಿರಬೇಕು. ಬರೆದುಕೊಟ್ಟ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ಯೂಟ್ಯೂಬಿನಲ್ಲಿರುವ ವಿಡಿಯೊವನ್ನು ಕ್ಯಾಲಿಫೋರ್ನಿಯಾದ ಕನ್ನಡಿಗರೂ ದುಬೈನ ಕನ್ನಡಿಗರೂ ನೋಡುತ್ತಾರೆ, ಆರನೆಯ ವರ್ಷದಲ್ಲಿಯೂ ನೋಡುತ್ತಾರೆ. ಆದ್ದರಿಂದ ಯಾವ ಕೃತಿ, ಅದರ ಎಷ್ಟು ಭಾಗ, ಯಾವ ವಿಡಿಯೊಗೆ, ಯಾವ ಯಾವ ತಾಣಗಳಲ್ಲಿ, ಎಷ್ಟು ಕಾಲ, ಜಗತ್ತಿನಾದ್ಯಂತವೇ ಅಲ್ಲವೇ, ಜಾಹೀರಾತಿನ ಹಣ ಬಂದರೆ ಯಾರಿಗೆ ಎಂಬುದೆಲ್ಲ ಪತ್ರದಲ್ಲಿ ಇರಲಿ. ಪತ್ರ ಕೊಡುವವರಿಗೇ ಆ ಹಕ್ಕು ಉಳಿದಿದೆಯೇ, ಹಿಂದೆಯೇ ಕಂಪನಿಗೆ ಬರೆದುಕೊಟ್ಟಾಗಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಬೇಕು. ಐಪಿಆರ್‌ಎಸ್ ಎಂದು ಹೆಸರಾದ, ಸಂಗೀತ ಸಂಯೋಜಕರ, ಗೀತರಚನಕಾರರ ಮತ್ತು ಪ್ರಕಾಶಕರ ಸಂಸ್ಥೆಯಲ್ಲಿ ವಿಚಾರಿಸಿದರೆ ಹಕ್ಕು ಯಾರಲ್ಲಿದೆ ಎಂಬುದರ ಸುಳಿವು ಸಿಗಬಹುದು. ದೃಶ್ಯಕ್ಕೆ ಜೋಡಿಸುವ ಅನುಮತಿಯನ್ನು ಮಾತ್ರ ಸಾಮಾನ್ಯವಾಗಿ ಒಡೆಯರಿಂದಲೇ ನೇರವಾಗಿ ಪಡೆಯಬೇಕಾಗುತ್ತದೆ.

‘ಇದೆಲ್ಲ ಏಕೆ, ವಿಡಿಯೊ ಹಾಕಿ ನೋಡೋಣ, ಕ್ಲೇಮ್ ಬಂದರೆ ಬರಲಿ’ ಎನ್ನುವವರಿದ್ದಾರೆ. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ಗುರುತಿಸಿದಾಗ, ವಿಡಿಯೊವನ್ನು ತಡೆಯುವುದೋ, ಜಾಹೀರಾತಿನ ಹಣವನ್ನು ತಾನು ಪಡೆಯುವುದೋ, ಸುಮ್ಮನೆ ಗಮನಿಸುವುದೋ ಎಂಬುದು ಹಕ್ಕುದಾರ ಕಂಪನಿಯ ಆಯ್ಕೆ. ಹಣ ಪಡೆದು ವಿಡಿಯೊವನ್ನು ಇರಗೊಟ್ಟರೆ ಅದು ಇಂದಿನ ನಿಲುವು ಅಷ್ಟೆ, ನಾಳೆ ಬದಲಾಗಬಹುದು. ಸ್ಟ್ರೈಕ್, ಅಂದರೆ ಹಕ್ಕುದಾರರು ಕಾನೂನಿನ ಪ್ರಕಾರ ದೂರು ಕೊಟ್ಟು ವಿಡಿಯೊವನ್ನು ತೆಗೆಸಿದಾಗ ಚಾನೆಲ್ಲಿನ ಮೇಲೆ ಬೀಳುವ ಎಚ್ಚರಿಕೆ, ಇದಕ್ಕಿಂತ ಬೇರೆ, ಮತ್ತು 90 ದಿನಗಳೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗುತ್ತದೆ. ಯೂಟ್ಯೂಬಿನ ಕಿರುವಿಡಿಯೊಗಳಾದ ಶಾರ್ಟ್ಸ್‌ಗೆಂದು ಯೂಟ್ಯೂಬೇ ಒದಗಿಸಿದ ಹಾಡು ಶಾರ್ಟ್ಸ್‌ಗೆ ಮಾತ್ರ. ಅದೇ ತುಣುಕನ್ನು ಚಿತ್ರೋತ್ಸವಕ್ಕೋ ನಿಮ್ಮ ಸ್ವಂತ ಜಾಲತಾಣಕ್ಕೋ ಒಯ್ದರೆ ಆ ರಕ್ಷೆ ಜೊತೆಗೆ ಬರುವುದಿಲ್ಲ. ವಿಷಯ ನ್ಯಾಯಾಲಯದವರೆಗೂ ಹೋಗಬಹುದು. 2022ರ ನವೆಂಬರಿನಲ್ಲಿ ಭಾರತ ಜೋಡೊ ಯಾತ್ರೆಯ ವಿಡಿಯೊದಲ್ಲಿ ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ಎಂಬ ಆಡಿಯೊ ಕಂಪನಿ ದಾವೆ ಹೂಡಿದಾಗ, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತ್ತು. ಆಕ್ಷೇಪಿತ ವಿಡಿಯೊಗಳನ್ನು ತೆಗೆಯುವ ಷರತ್ತಿನ ಮೇಲೆ ಹೈಕೋರ್ಟು ಆ ಆದೇಶವನ್ನು ಬೇಗನೆ ರದ್ದುಪಡಿಸಿತು.

ಮೂವತ್ತು ಸೆಕೆಂಡಿನೊಳಗೆ ಬಳಸಿದರೆ ತಪ್ಪಿಲ್ಲ ಎಂಬ ನಿಯಮ ನಮ್ಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಕೃತಜ್ಞತೆ ಹೇಳಿದ್ದೂ ಅನುಮತಿಯಾಗುವುದಿಲ್ಲ. ಮದುವೆಯಲ್ಲಿ ಹಾಡು ಹಾಕಲು ಇರುವ ವಿನಾಯಿತಿ ಆ ಸಮಾರಂಭಕ್ಕೆ ಸಂಬಂಧಿಸಿದ್ದು. ಮದುವೆಯ ವಿಡಿಯೊಗೆ ಸಿನಿಮಾ ಹಾಡು ಕೂಡಿಸಿ ಜಗತ್ತಿಗೆಲ್ಲ ತೋರಿಸುವುದಕ್ಕೆ ಅದು ಅನ್ವಯಿಸದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ, ಅಂದರೆ ಕೆಲವು ಷರತ್ತುಗಳೊಡನೆ ಎಲ್ಲರೂ ಬಳಸಬಹುದೆಂದು ಒಡೆಯರೇ ಮೊದಲೇ ಬಿಟ್ಟುಕೊಟ್ಟ ಸಂಗೀತವನ್ನು ಆರಿಸುವವರು ‘ಎನ್‌ಡಿ’ ಎಂಬ ಅಕ್ಷರಗಳಿವೆಯೇ ಎಂದು ನೋಡಿಕೊಳ್ಳಬೇಕು: ಸಂಗೀತವನ್ನು ಚಲಿಸುವ ದೃಶ್ಯಕ್ಕೆ ಹೊಂದಿಸಿದರೆ ಅದು ರೂಪಾಂತರವೆಂದೇ ಆ ಪರವಾನಗಿಗಳಲ್ಲಿ ಬರೆದಿದೆ, ಎನ್‌ಡಿ ಎಂದರೆ ರೂಪಾಂತರವನ್ನು ಹಂಚುವಂತಿಲ್ಲ.

ಹಳೆಯ ಕ್ಯಾಸೆಟ್ಟುಗಳ ಕಂಪನಿ ಮುಚ್ಚಿಹೋಗಿ, ಹಕ್ಕುದಾರರ ವಿಳಾಸವೇ ಸಿಗದಿದ್ದರೆ ಏನು ಮಾಡುವುದು? ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ನ್ಯಾಯಾಲಯದ ಮೂಲಕ ಪರವಾನಗಿ ಕೇಳುವ ವಿಧಾನ 31ಎ ಕಲಮಿನಲ್ಲಿದೆ. ಎರಡು ನಿಮಿಷದ ವಿಡಿಯೊಗೆ ಅದು ದುಬಾರಿಯ ದಾರಿ ಎಂದೇ ನನ್ನ ಅಭಿಪ್ರಾಯ. ಅಂಥ ಸಂದರ್ಭದಲ್ಲಿ ಹಕ್ಕಿನ ಅವಧಿ ಮುಗಿದ ಸಾಹಿತ್ಯವನ್ನು ಆರಿಸಿಕೊಂಡು ನಿಮ್ಮೂರಿನ ಸಂಗೀತಗಾರರಿಂದಲೇ ಹೊಸ ರಾಗ ಹಾಕಿಸಿ ಹಾಡಿಸುವುದು ಮೇಲು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರು, ಎಲ್ಲ ವಚನಕಾರರು, ಎಲ್ಲ ಹಳೆಯ ದಾಸರು ಆ ಪಟ್ಟಿಯಲ್ಲಿದ್ದಾರೆ. ರಾಗ ಹಾಕಿದವರಿಂದಲೂ ಹಾಡಿದವರಿಂದಲೂ ತಬಲಾ ನುಡಿಸಿದವರಿಂದಲೂ ಅಂದೇ, ಸಂಭಾವನೆ ಕೊಡುವ ಹೊತ್ತಿನಲ್ಲೇ, ಒಪ್ಪಿಗೆಯನ್ನು ಬರೆಸಿಟ್ಟುಕೊಳ್ಳಿ.