ಓದು ರಕ್ತದಲ್ಲಿ ಬರುತ್ತಾ?

ಎಲ್ಲರಿಗೂ ನಮಸ್ಕಾರ.

"ಆ ಜನಕ್ಕೆ ಓದು ತಲೆಗೆ ಹತ್ತಲ್ಲ ಬಿಡಿ." ನಮ್ಮ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಈ ಮಾತು ಕೇಳದವರು ಯಾರಿದ್ದೀರಿ? ಅದೇ ಬಾಯಿ ಇನ್ನೊಂದು ಜಾತಿಯ ಬಗ್ಗೆ "ಅವರಿಗೆ ಅದು ರಕ್ತದಲ್ಲೇ ಬಂದಿದೆ" ಅನ್ನುತ್ತದೆ. ಎರಡನ್ನೂ ನಾನು ಒಪ್ಪುವುದಿಲ್ಲ. ಹಾಗಂತ ಬೆಳೆದ ಮನೆಯಿಂದ ಏನೂ ವ್ಯತ್ಯಾಸ ಆಗಲ್ಲ ಅಂದರೆ ಅದೂ ಸುಳ್ಳೇ.

ಅಡಿಕೆ ಸುಲಿಯುವ ಕಾಲದಲ್ಲಿ, ರಾತ್ರಿ ಹೊತ್ತು, ತೋಟದವರ ಮನೆಯ ಜಗಲಿ ನೋಡಿ. ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿರುತ್ತಾರೆ. ಅದೇ ಜಗಲಿಯ ತುದಿಯಲ್ಲಿ ಯಜಮಾನರ ಮೊಮ್ಮಗ ಅಜ್ಜನಿಗೆ ಮಗ್ಗಿ ಒಪ್ಪಿಸುತ್ತಾನೆ. ಪಕ್ಕದಲ್ಲಿ ಪೇಪರ್ ಬಿದ್ದಿರುತ್ತದೆ. ಚಿಕ್ಕಪ್ಪ ನಿನ್ನೆಯ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳಿದ್ದು ಸರಿಯಿಲ್ಲ ಅಂತ ತಕರಾರು ತೆಗೆದಿರುತ್ತಾರೆ. ಆ ಹುಡುಗ ಪುಸ್ತಕ ಮುಚ್ಚಿದ ಮೇಲೂ ಪಾಠ ನಡೆದೇ ಇರುತ್ತದೆ.

ಸುಲಿಯಲು ಬಂದ ತಾಯಿಯ ಪಕ್ಕ ಒಬ್ಬಳು ಹುಡುಗಿ. ಅವಳ ಕೆಲಸ ಸುಲಿದ ಅಡಿಕೆ ಅಳೆಯುವ ಡಬ್ಬ ಎಣಿಸುವುದು. ಅಮ್ಮನದು ಎಷ್ಟು ಡಬ್ಬ ಆಯ್ತು, ಒಟ್ಟು ಕೂಲಿ ಎಷ್ಟು, ಮೊದಲೇ ಇಸಕೊಂಡಿದ್ದು ಕಳೆದರೆ ಕೈಗೆ ಬರುವುದೆಷ್ಟು, ಎಲ್ಲ ಬಾಯಲ್ಲೇ. ಗುಣಿಸುವುದು, ಕಳೆಯುವುದು ಎರಡೂ ಆಯ್ತು ಅಲ್ವಾ? ಬೆಳಿಗ್ಗೆ ಶಾಲೆಯಲ್ಲಿ ಅವಳು ತೂಕಡಿಸುತ್ತಾಳೆ. "ಲೆಕ್ಕದಲ್ಲಿ ಹಿಂದೆ" ಅಂತ ಬರೆದುಬಿಡುತ್ತಾರೆ.

ಇದನ್ನೇ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಸಾಂಸ್ಕೃತಿಕ ಬಂಡವಾಳ ಅಂತ ಕರೆದದ್ದು. ಕೆಲವು ಮನೆಗಳ ಮಾತು, ರೂಢಿ ಶಾಲೆಗೆ ಮೊದಲೇ ಹೊಂದಿಕೊಂಡಿರುತ್ತದೆ. ಶಾಲೆ ಅದನ್ನೇ ಬುದ್ಧಿ ಅಂದುಕೊಳ್ಳುತ್ತದೆ.

ರಕ್ತದ ಮಾತಿಗೆ ಉತ್ತರ ಬೇಕಾದರೆ ಜಾನ್ ಒಗ್ಬು ಎಂಬ ಮಾನವಶಾಸ್ತ್ರಜ್ಞ ಎತ್ತಿ ತೋರಿಸಿದ್ದನ್ನು ಕೇಳಿ. ಅಮೆರಿಕಕ್ಕೆ ವಲಸೆ ಹೋದ ಕೊರಿಯನ್ನರ ಮಕ್ಕಳು ಓದಿನಲ್ಲಿ ಮುಂದಿದ್ದರು. ಜಪಾನಿನಲ್ಲಿ, ಒಂದು ಕಾಲದ ವಸಾಹತಿನ ಜನ ಅಂತ ಅಲ್ಲಿನವರು ಕೀಳಾಗಿ ಕಾಣುತ್ತಿದ್ದ ಕೊರಿಯನ್ನರ ಮಕ್ಕಳು ಹಿಂದಿದ್ದರು. ಮೂಲ ಒಂದೇ, ಊರು ಬೇರೆ.

ಅಷ್ಟು ದೂರ ಯಾಕೆ, ನಮ್ಮ ಸಾಗರ ತಾಲ್ಲೂಕಿನ ಕಾಗೋಡು ಇಲ್ಲೇ ಇದೆ. 1951ರ ಸತ್ಯಾಗ್ರಹದಲ್ಲಿ ಭೂಮಾಲೀಕರ ಎದುರು ಎದ್ದು ನಿಂತವರು ದೀವರ ಸಮುದಾಯದ ಗೇಣಿದಾರರು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯ್ತು ಅನ್ನುವುದೇ ಜಗಳದ ಬೇರು. ಓದು ಬಾರದವರು ಅಂತೀರಿ, ಆದರೆ ಅಳತೆಯಲ್ಲಿ ಎಷ್ಟು ಹೋಯ್ತು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು! 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಿತು, ಉಳುವವನಿಗೆ ಜಮೀನು ಬಂತು. 1975ರಲ್ಲಿ ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ ಬಂತು, ಅದರ ಹಿಂದೆ ಮೀಸಲಾತಿ ಬಂತು. ಪೇಟೆಯಲ್ಲಿ ಹಾಸ್ಟೆಲ್ ಸಿಕ್ಕಿತು. ಆ ಗೇಣಿದಾರರ ಮೊಮ್ಮಕ್ಕಳಲ್ಲಿ ಇವತ್ತು ಮೇಷ್ಟ್ರು, ವಕೀಲರು, ಎಂಜಿನಿಯರುಗಳಿದ್ದಾರೆ. ಇದಕ್ಕಾಗಿ ಅವರು ತಮ್ಮ ಸಂಸ್ಕೃತಿಯನ್ನೇನೂ ಬಿಡಲಿಲ್ಲ. ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವ ಕೈ ಈಗಲೂ ಇದೆ, ಭೂಮಿ ಹುಣ್ಣಿಮೆಗೆ ಪೂಜೆಯ ಬುಟ್ಟಿ ಗದ್ದೆಗೆ ಹೋಗುತ್ತದೆ. ಬದಲಾದದ್ದು ಇಷ್ಟೇ: ಮಗುವಿನ ದುಡಿಮೆ ಇಲ್ಲದೆಯೂ ಮನೆ ನಡೆಯಿತು.

ಇಲ್ಲಿರುವ ಮೇಷ್ಟ್ರುಗಳಿಗೆ ಒಂದು ಕೋರಿಕೆ. "ಪಾಲಕರ ಸಭೆಗೆ ಬರಲ್ಲ, ಕಾಳಜಿಯೇ ಇಲ್ಲ" ಅಂತ ದೂರುತ್ತೀರಿ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ 11 ಗಂಟೆಗೆ ಸಭೆ ಇಟ್ಟರೆ ಆ ತಾಯಿಯ ಅರ್ಧ ದಿನದ ಕೂಲಿ ಹೋಗುತ್ತದೆ. ಈ ವರ್ಷ ಸಭೆಯನ್ನು ಸಂಜೆಗೆ ಇಡಿ, ಅವರ ಕೇರಿಯಲ್ಲೇ ಇಡಿ. ಯಾರು ಬರುತ್ತಾರೆ ಅಂತ ಆಮೇಲೆ ಮಾತಾಡೋಣ.