ಊರಿನ ನಡುವೆ ಎದ್ದ ದಿಬ್ಬ

ಆತ್ಮೀಯರೇ,

1066ರ ಸೆಪ್ಟೆಂಬರ್ ಕೊನೆಯಲ್ಲಿ ಈಗಿನ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡಿನ ಪೆವೆನ್ಸಿ ತೀರದಲ್ಲಿ ಬಂದಿಳಿದ. ರಾಜ ಹೆರಾಲ್ಡನೊಂದಿಗೆ ಯುದ್ಧ ನಡೆದದ್ದು ಅಕ್ಟೋಬರ್ 14ರಂದು. ನಡುವಿನ ಎರಡು ವಾರಗಳಲ್ಲಿ ವಿಲಿಯಂನ ಜನ ಸಲಿಕೆ ಹಿಡಿದರು. ಪೆವೆನ್ಸಿಯಲ್ಲಿ ರೋಮನ್ನರ ಹಳೆಯ ಗೋಡೆಗಳ ಒಳಗೆ ಬೀಡು ಮಾಡಿಕೊಂಡರು. ಹೇಸ್ಟಿಂಗ್ಸ್‌ನಲ್ಲಿ ಮಣ್ಣು ಅಗೆದು ದಿಬ್ಬ ಎಬ್ಬಿಸಿದರು.

ವಿಲಿಯಂ ಆ ಯುದ್ಧ ಗೆದ್ದ ಕಥೆಯನ್ನು ಉದ್ದದ ಬಟ್ಟೆಯ ಮೇಲೆ ಹೊಲಿದಿರುವ ಬಾಯೂ ಕಸೂತಿಪಟದಲ್ಲಿ ಈ ಕೆಲಸದ ಚಿತ್ರವಿದೆ. ಆಳುಗಳು ಮಣ್ಣು ಎತ್ತಿ ಹಾಕುತ್ತಿದ್ದಾರೆ. ಇಬ್ಬರು ಸಲಿಕೆಯಲ್ಲೇ ಹೊಡೆದಾಡುತ್ತಿದ್ದಾರೆ. ಸ್ವಲ್ಪ ಮುಂದೆ ಒಂದು ಮನೆಗೆ ಬೆಂಕಿ ಇಟ್ಟಿದ್ದಾರೆ. ಮಗುವಿನ ಕೈ ಹಿಡಿದ ತಾಯಿಯೊಬ್ಬಳು ಅದರ ಮುಂದೆ ನಿಂತಿದ್ದಾಳೆ. ನಾರ್ಮನ್ ಕೋಟೆಯ ಬಗ್ಗೆ ಮಾತಾಡುವಾಗಲೆಲ್ಲ ನಾನು ಮೊದಲು ಆ ತಾಯಿಯನ್ನು ನೆನೆಯುತ್ತೇನೆ.

ಕನ್ನಡದ 'ಕೋಟೆ' ಎಂಬ ಪದ ಇಲ್ಲಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಊರಿನ ಸುತ್ತ ಕಟ್ಟಿದ್ದಕ್ಕೂ ಒಡೆಯನೊಬ್ಬನ ಮನೆಯ ಸುತ್ತ ಕಟ್ಟಿದ್ದಕ್ಕೂ ನಾವು ಅದೇ ಪದ ಬಳಸುತ್ತೇವೆ. ಇಂಗ್ಲಿಷರು ಆಲ್ಫ್ರೆಡ್ ರಾಜನ ಕಾಲದಿಂದ ಕಟ್ಟಿಕೊಂಡು ಬಂದಿದ್ದ 'ಬರ್' ಊರಿನ ಕೋಟೆ. ಕಡಲು ದಾಟಿ ಬರುವ ವೈಕಿಂಗರು ದಾಳಿ ಮಾಡಿದರೆ ಸುತ್ತಲಿನ ಹಳ್ಳಿಗರಿಗೂ ಅದರೊಳಗೆ ಆಸರೆ. ನಾರ್ಮನ್ನರ 'ಕ್ಯಾಸಲ್' ಒಬ್ಬ ಒಡೆಯನದು, ಅವನ ಸವಾರರದು. ಊರಿನವರು ಅದರ ಹೊರಗೆ. ಅದು ಕಾವಲು ಕಾಯುತ್ತಿದ್ದದ್ದೇ ಊರಿನವರ ಮೇಲೆ.

ಇದಕ್ಕೆ ಕಾರಣ ಲೆಕ್ಕದಲ್ಲಿದೆ. ವಿಲಿಯಂನ ಸೈನ್ಯ ಏಳೆಂಟು ಸಾವಿರದಷ್ಟಿತ್ತು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಇಂಗ್ಲೆಂಡಿನ ಜನಸಂಖ್ಯೆ ಹದಿನೈದು ಲಕ್ಷಕ್ಕೂ ಮೇಲೆ. ಭಾಷೆ ಬೇರೆ, ಪ್ರೀತಿಯಂತೂ ಇಲ್ಲ. ಅಷ್ಟು ಕಡಿಮೆ ಮಂದಿ ಮನೆಮನೆಯಲ್ಲಿ ಚದುರಿ ಉಳಿದರೆ ಒಂದೇ ರಾತ್ರಿಯಲ್ಲಿ ಮುಗಿದುಹೋಗುತ್ತಿದ್ದರು. ದಿಬ್ಬದ ಮೇಲೆ ಮರದ ಗೋಪುರ, ಕೆಳಗೆ ಬೇಲಿ ಹಾಕಿದ ಅಂಗಳ, ಸುತ್ತ ಕಂದಕ ಇದ್ದರೆ ಕೆಲವೇ ಡಜನ್ ಜನ ನೆಮ್ಮದಿಯಿಂದ ಮಲಗಬಹುದು. ಬೆಳಗ್ಗೆ ಕುದುರೆ ಏರಿ ಹಳ್ಳಿಗಳನ್ನು ಬೆದರಿಸಿ, ಕಂದಾಯ ಎತ್ತಿ, ಕತ್ತಲಾಗುವುದರೊಳಗೆ ಒಳಗೆ ಸೇರಿಕೊಳ್ಳಬಹುದು. ಮಣ್ಣು, ಮರ ಎರಡೂ ಅಲ್ಲೇ ಸಿಗುತ್ತಿದ್ದವು. ಅಗೆಯುವ ಬಿಟ್ಟಿ ದುಡಿಮೆ ಸೋತವರದು. ಕಲ್ಲಿನ ಕಟ್ಟಡಗಳು, ಲಂಡನ್ನಿನ ಸುಮಾರು 27 ಮೀಟರ್ ಎತ್ತರದ ವೈಟ್ ಟವರ್ ಅಂಥವು, ಆಮೇಲಿನ ಮಾತು.

ಇಂಗ್ಲೆಂಡಿನಲ್ಲಿ ಹುಟ್ಟಿ ನಾರ್ಮಂಡಿಯ ಮಠದಲ್ಲಿ ಬೆಳೆದ ಸನ್ಯಾಸಿ ಆರ್ಡೆರಿಕ್ ವಿಟಾಲಿಸ್, ಇಂಗ್ಲಿಷರು ಶೂರರಾಗಿದ್ದರೂ ಇಂಥ ಕೋಟೆಗಳು ಕಡಿಮೆ ಇದ್ದದ್ದರಿಂದ ಎದುರಿಸಲಾರದೆ ಹೋದರು ಎಂದು ಬರೆದಿದ್ದಾನೆ. ಅವನ ಮಾತು ನಿಜ, ಆದರೆ ಪೂರ್ತಿಯಲ್ಲ. ಉತ್ತರ ಇಂಗ್ಲೆಂಡಿನ ಯಾರ್ಕ್‌ನಲ್ಲಿ ವಿಲಿಯಂ 1068ರಲ್ಲಿ ಒಂದು, 1069ರಲ್ಲಿ ಇನ್ನೊಂದು ಕೋಟೆ ಕಟ್ಟಿಸಿದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ಡೇನರೂ ಉತ್ತರದ ಇಂಗ್ಲಿಷರೂ ಒಟ್ಟಾಗಿ ಬಂದರು. ಕಂದಕ ತುಂಬಲು ಶತ್ರುವಿಗೆ ಮರಮುಟ್ಟು ಸಿಕ್ಕೀತೆಂದು ಕಾವಲಿನವರು ಹತ್ತಿರದ ಮನೆಗಳಿಗೆ ಬೆಂಕಿ ಇಟ್ಟರು, ಊರೇ ಹೊತ್ತಿಕೊಂಡಿತು. ಕೋಟೆಗಳು ಬಿದ್ದವು. ವಿಲಿಯಂ ಹಿಂದಿರುಗಿ ಅವನ್ನು ಮತ್ತೆ ಕಟ್ಟಿಸಿದ. ಅಷ್ಟಕ್ಕೇ ಬಿಡದೆ ಆ ಚಳಿಗಾಲದಲ್ಲಿ ಉತ್ತರದ ಹಳ್ಳಿಗಳನ್ನೂ ದವಸವನ್ನೂ ದನಕರುಗಳನ್ನೂ ನಾಶಮಾಡಿಸಿದ. ಜನ ಹಸಿವಿನಿಂದ ಸತ್ತರು. ದಿಬ್ಬ ನಿಲ್ಲಲು ಬರಗಾಲವೂ ಬೇಕಾಯಿತು.

ವಿಲಿಯಂ ಇಂಗ್ಲೆಂಡಿನ ಆಸ್ತಿಗಳನ್ನೆಲ್ಲ ಲೆಕ್ಕ ಹಾಕಿಸಿ ಬರೆಸಿದ 1086ರ ಡೂಮ್ಸ್‌ಡೇ ದಫ್ತರದಲ್ಲಿ ಲಿಂಕನ್ ಪಟ್ಟಣದ ಲೆಕ್ಕವಿದೆ. ಅಲ್ಲಿ 240 ಮನೆಗಳು ಪಾಳು. ಅವುಗಳಲ್ಲಿ 74 ಪಾಳುಬಿದ್ದದ್ದು ಅಧಿಕಾರಿಗಳ ದಬ್ಬಾಳಿಕೆಯಿಂದಲ್ಲ. ದುರದೃಷ್ಟ, ಬಡತನ, ಬೆಂಕಿಯಿಂದ ಎಂದು ಗುಮಾಸ್ತ ಮುತುವರ್ಜಿಯಿಂದ ಸಮಜಾಯಿಷಿ ಕೊಡುತ್ತಾನೆ. ಉಳಿದ 166 ಮನೆಗಳಿಗೆ ಅಂಥ ಸಮಜಾಯಿಷಿ ಏನೂ ಇಲ್ಲ. 'ಕೋಟೆಯ ಸಲುವಾಗಿ' ಎಂದಷ್ಟೇ ಬರೆದು ಮುಂದಿನ ಲೆಕ್ಕಕ್ಕೆ ಹೋಗಿದ್ದಾನೆ.